ಏರ್ ಲಾಕ್: ಗಾಳಿ ಹಿಡಿದದ್ದು ಲಾರಿಗೋ, ಮಾತಿಗೋ

"ಅಣ್ಣಾ, ಗಾಡಿ ಏರ್ ಲಾಕ್ ಆಗಿದೆ."

ಈ ತಿಂಗಳು ಇದೇ ಮಾತಿನ ಮೂರನೇ ಫೋನು. ಏರ್ ಲಾಕ್ ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿ ಇಂಜಿನ್ನಿಗೆ ಡೀಸೆಲ್ ಮುಟ್ಟದಿರುವುದು. ಮೊದಲನೇ ಗಾಡಿಯಲ್ಲಿ ಡೀಸೆಲ್ ಫಿಲ್ಟರ್ ಕೆಸರು ತುಂಬಿ ಕಟ್ಟಿಕೊಂಡಿತ್ತು. ಎರಡನೆಯದರಲ್ಲಿ ಚಕ್ರ ಜಾಮ್, ಇಂಜಿನ್ ಮಾತ್ರ ಆರಾಮಾಗಿ ಓಡುತ್ತಿತ್ತು. ಮೂರನೆಯದನ್ನು ಆಮೇಲೆ ಹೇಳುತ್ತೇನೆ. ಗಾಡಿ ನಿಂತ ಹೊತ್ತಿಗೆ ಮೂರರಲ್ಲಿ ಒಂದಕ್ಕೂ ಏರ್ ಲಾಕ್ ಆಗಿರಲಿಲ್ಲ. ಹೊರಡದ ಲಾರಿಗೆಲ್ಲ ಈಗ ಇದೊಂದೇ ಹೆಸರು. ಹೊಟ್ಟೆನೋವು ಅಂದ ತಕ್ಷಣ ಗ್ಯಾಸು ಅಂತಾರಲ್ಲ, ಹಾಗೆ.

ನಮ್ಮ ಹಳೆಯ ಮೆಕ್ಯಾನಿಕ್‌ಗಳು ಏರ್ ಲಾಕ್ ಅನ್ನುತ್ತಿರಲಿಲ್ಲ. "ಗಾಳಿ ಹಿಡಿದಿದೆ" ಅನ್ನುತ್ತಿದ್ದರು. ಈ ಮಾತು ನನಗೆ ತುಂಬ ಇಷ್ಟ. ಊರಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಮಂಕಾಗಿ ಕೂತರೆ ಗಾಳಿ ಸೋಕಿದೆ, ಗಾಳಿ ಹಿಡಿದಿದೆ ಅಂತಾರೆ. ಗಾಳಿ ಬಿಡಿಸುವವನನ್ನು ಕರೆಸುತ್ತಾರೆ. ಲಾರಿಗೂ ಅದೇ ಮಾತು, ಅದೇ ಕ್ರಿಯಾಪದ: ಗಾಳಿ ಹಿಡಿಯುತ್ತದೆ, ಬಿಡಿಸಬೇಕು. ಬೇವಿನ ಸೊಪ್ಪಿನ ಬದಲು 10 ನಂಬರ್ ಸ್ಪ್ಯಾನರ್, ಅಷ್ಟೇ ವ್ಯತ್ಯಾಸ. ಈ ಮಾತಿನಲ್ಲಿ ಒಂದು ಪ್ರಶ್ನೆಯೂ ಅಡಗಿದೆ. ಗಾಳಿ ಹಿಡಿಯಿತು ಅಂದರೆ ಎಲ್ಲಿ ಹಿಡಿಯಿತು, ಯಾವ ಮರದ ಕೆಳಗೆ ಹೋಗಿದ್ದೆ ಅಂತ ಅಜ್ಜಿ ಕೇಳಿಯೇ ಕೇಳುತ್ತಾಳೆ. ಏರ್ ಲಾಕ್ ಅನ್ನೋ ಮಾತಿಗೆ ಆ ಪ್ರಶ್ನೆ ಹುಟ್ಟುವುದಿಲ್ಲ. ಬೀಗ ಬಿತ್ತು, ತೆಗೆದರಾಯಿತು ಅನ್ನೋ ಹಾಗೆ ಕೇಳುತ್ತದೆ.

ಇಂಗ್ಲಿಷಿನಲ್ಲೇ ಈ ಪದಕ್ಕೆ ಎರಡು ಬದುಕು. ಕಾಲುವೆಯಲ್ಲಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಎರಡು ಬಾಗಿಲಿನ ತೊಟ್ಟಿಗೆ ಲಾಕ್ ಅಂತ ಹೆಸರು. ಸೇತುವೆಯ ಕಂಬಕ್ಕೆ ನದಿಯ ತಳದಲ್ಲಿ ಅಡಿಪಾಯ ತೋಡುವಾಗ, ಒತ್ತಡದ ಗಾಳಿ ತುಂಬಿದ ದೊಡ್ಡ ಪೆಟ್ಟಿಗೆಯೊಳಗೆ ಜನ ಹೋಗಿ ಬರಲು ಅಂಥದೇ ಎರಡು ಬಾಗಿಲಿನ ಕೋಣೆ ಬೇಕಾಯಿತು. ಅದು ಏರ್ ಲಾಕ್. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ 1870ರ ದಶಕದ ಆರಂಭದಲ್ಲಿ ಜನ ಹಾಗೆಯೇ ಇಳಿದು ಕೆಲಸ ಮಾಡಿದರು. ಬಾಹ್ಯಾಕಾಶ ನಿಲ್ದಾಣದಿಂದ ಗಗನಯಾತ್ರಿ ಹೊರಗೆ ಬರುವ ಕೋಣೆಯೂ ಅದೇ. ಅಲ್ಲಿ ಬೀಗ ಇರುವುದು ಗಾಳಿಯನ್ನು ಕಾಯಲು. ಪೈಪಿನ ಏರ್ ಲಾಕ್ ಇದರ ಉಲ್ಟಾ. ಇಲ್ಲಿ ಗಾಳಿಯೇ ಬೀಗ.

ಇಷ್ಟು ಸಾಲದು ಅಂತ ಲಾರಿಯಲ್ಲಿ ಮೂರನೇ ಗೊಂದಲ ಬೇರೆ. ಲಾರಿ ಡ್ರೈವರ್‌ಗೆ "ಏರ್" ಅಂದರೆ ಮೊದಲು ನೆನಪಾಗುವುದು ಬ್ರೇಕಿನ ಏರ್. ಬ್ರೇಕ್ ಟ್ಯಾಂಕಿನಲ್ಲಿ ಒತ್ತಡ ಇಳಿದರೆ ಹಿಂದಿನ ಚಕ್ರದ ಸ್ಪ್ರಿಂಗ್ ಬ್ರೇಕ್ ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಗಾಡಿ ಅಲ್ಲಾಡುವುದಿಲ್ಲ. ಅದಕ್ಕೂ "ಏರ್ ಲಾಕ್" ಅಂತಾರೆ! ಅದು ಏರ್ ಇಲ್ಲದ್ದಕ್ಕೆ ಬಿದ್ದ ಲಾಕ್. ಡೀಸೆಲ್ ಪೈಪಿನದು ಏರ್ ಇದ್ದದ್ದಕ್ಕೆ ಬಿದ್ದ ಲಾಕ್. ಎರಡಕ್ಕೂ ಒಂದೇ ಹೆಸರಿಟ್ಟು ಫೋನಿನಲ್ಲಿ ಸಲಹೆ ಕೇಳಿದರೆ ಯಾರು ಏನು ಹೇಳಬೇಕು?

ಸರಿ, ಡೀಸೆಲ್‌ಗೆ ಬರೋಣ. ಹಳೆಯ ಗಾಡಿಯಲ್ಲಿ ಡೀಸೆಲ್ ಪಂಪು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ತೆರೆಯಬೇಕಾದರೆ ಸುಮಾರು 200 ಬಾರ್ ಒತ್ತಡ ಬೇಕು. ಲಾರಿ ಟೈರಿನ ಗಾಳಿ 8 ಬಾರ್ ಆಸುಪಾಸು, ಹೋಲಿಸಿ ನೋಡಿ. ಡೀಸೆಲ್ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಒತ್ತಿದರೆ ಒತ್ತಡ ನೇರ ನಾಝಲ್ಲಿಗೆ ಹೋಗುತ್ತದೆ. ನಡುವೆ ಗಾಳಿಯ ಗುಳ್ಳೆ ಸೇರಿತು ಅನ್ನಿ. ಪಂಪು ಒತ್ತಿದಾಗ ಗುಳ್ಳೆ ಸ್ಪಂಜಿನ ಹಾಗೆ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ನಾಝಲ್ ಬಾಯಿ ಬಿಡುವುದೇ ಇಲ್ಲ. ಸೆಲ್ಫ್ ಹೊಡೆದಷ್ಟೂ ಇಂಜಿನ್ ಸುಮ್ನೆ ತಿರುಗುತ್ತದೆ. ಏರ್ ಲಾಕ್ ಅಂದರೆ ಇದು, ಇಷ್ಟೇ. ಅಂದಹಾಗೆ ಆ ಕಾಲದ ಪಂಪಿಗೆ ನಮ್ಮ ಕಡೆ ಇವತ್ತಿಗೂ "ಮೈಕೋ ಪಂಪ್" ಅಂತಾರೆ. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಗ್ಯಾರೇಜಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈಗ ಅಜ್ಜಿಯ ಪ್ರಶ್ನೆ. ಗಾಳಿ ಎಲ್ಲಿಂದ ಬಂತು?

ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತಿದ್ದರೆ, ಅಥವಾ ಹೊಸ ಫಿಲ್ಟರ್ ಹಾಕಿ ಏರ್ ತೆಗೆಯದೇ ಸೆಲ್ಫ್ ಹೊಡೆದಿದ್ದರೆ ಉತ್ತರ ಗೊತ್ತೇ ಇದೆ. ಏರ್ ತೆಗೆಯಿರಿ, ಹೊರಡಿ. ಇದೆರಡೂ ಅಲ್ಲ ಅಂದರೆ ಎಲ್ಲೋ ತೂತಿದೆ. ಇಲ್ಲೇ ಜಾಸ್ತಿ ಜನ ಎಡವುವುದು. "ಎಲ್ಲೂ ಡೀಸೆಲ್ ಸೋರ್ತಿಲ್ಲವಲ್ಲ" ಅಂತಾರೆ. ಸೋರಬೇಕಾಗಿಲ್ಲ! ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕಳಿಸುವ ಸಣ್ಣ ಪಂಪು) ಡೀಸೆಲ್ ಹೋಗುವುದು ಹೀರುವಿಕೆಯಿಂದ. ಅಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಬಿರುಕಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿಯೇ ಇರುತ್ತದೆ.

ತೋಟದ ಮೋಟರ್ ನೋಡಿದವರಿಗೆ ಇದು ಹೊಸದಲ್ಲ. ಬಾವಿಯೊಳಗಿನ ಫುಟ್ ವಾಲ್ವ್ ಹಿಡಿಯದಿದ್ದರೆ ರಾತ್ರಿಯೆಲ್ಲ ನೀರು ಕೆಳಗಿಳಿಯುತ್ತದೆ. ಬೆಳಿಗ್ಗೆ ಬಿಂದಿಗೆಯಲ್ಲಿ ನೀರು ಹುಯ್ದು ಮೋಟರ್ ಹಾಕಬೇಕು. ಲಾರಿಯೂ ಹಾಗೆಯೇ. ಹೊರಟ ಮೇಲೆ ಇಡೀ ದಿನ ತಕರಾರಿಲ್ಲ, ಬೆಳಿಗ್ಗೆ ಮಾತ್ರ ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ಎಳೆಯುವ ಪುಟ್ಟ ಪಂಪು) ಒತ್ತದೇ ಸ್ಟಾರ್ಟ್ ಆಗಲ್ಲ ಅಂದರೆ ಡೀಸೆಲ್ ರಾತ್ರಿ ಟ್ಯಾಂಕಿಗೆ ಮರಳುತ್ತಿದೆ ಅಂತ ಅರ್ಥ. ಪೈಪು ಸೇರಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್, ಫಿಲ್ಟರಿನ ರಬ್ಬರ್ ರಿಂಗು, ಕ್ಲಿಪ್ ಕೆಳಗೆ ಸೀಳಿದ ಪೈಪು, ಪ್ರೈಮರ್ ಸ್ವತಃ, ಇವನ್ನು ನೋಡಿ. ಫೀಡ್ ಪಂಪಿನ ಮುಂದೆ ಒಂದು ಗೇಣು ಪಾರದರ್ಶಕ ಪೈಪು ಸಿಕ್ಕಿಸಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಪ್ರೈಮರ್ ಒತ್ತಿ, ಅದನ್ನೇ "ರಿಪೇರಿ" ಅಂದುಕೊಂಡವರನ್ನು ನೋಡಿದ್ದೇನೆ. 2 ವಾಷರ್ ಹಾಕಿದ್ದರೆ ಮುಗಿಯುತ್ತಿತ್ತು.

ಇನ್ನು ಏರ್ ಲಾಕ್ ಅಲ್ಲದವು. ಫಿಲ್ಟರ್ ಅಥವಾ ಟ್ಯಾಂಕಿನ ಜಾಲರಿ ಕಟ್ಟಿಕೊಂಡರೆ ಅದು ಚೋಕ್. ಕೈಗೇ ಗೊತ್ತಾಗುತ್ತದೆ. ಗಾಳಿ ಇದ್ದರೆ ಪ್ರೈಮರ್ ಪುಸ್ ಅಂತ ಸಡಿಲವಾಗಿ ಒತ್ತುತ್ತದೆ. ಟ್ಯಾಂಕಿನ ಕಡೆ ಕಟ್ಟಿಕೊಂಡಿದ್ದರೆ ಹಿಡಿಯನ್ನು ಮೇಲೆಳೆಯಲು ಕಷ್ಟ, ಬಿಟ್ಟರೆ ತಾನೇ ಒಳಕ್ಕೆ ಹೋಗುತ್ತದೆ. ಟ್ಯಾಂಕಿನ ಮುಚ್ಚಳ ಕಳೆದುಹೋಗಿ ಬಟ್ಟೆ ತುರುಕಿರುವ ಗಾಡಿಗಳಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಮುಚ್ಚಳದ ಸಣ್ಣ ಗಾಳಿರಂಧ್ರ ಮುಚ್ಚಿದರೂ ಇದೇ ಪಾಡು. ಮುಚ್ಚಳ ತೆಗೆದಾಗ ಉಸ್ ಅಂದರೆ ಕಳ್ಳ ಸಿಕ್ಕ.

ವೇಪರ್ ಲಾಕ್ ಬೇರೆಯದೇ. ಅದು ಪೆಟ್ರೋಲಿನ ಕಾಯಿಲೆ. ಘಾಟಿ ಹತ್ತುವಾಗ ಅಂಬಾಸಿಡರ್ ನಿಲ್ಲಿಸಿ ಇಂಜಿನ್ನಿನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರಲ್ಲ, ಅದು. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತಿತ್ತು. ಡೀಸೆಲ್ ಕುದಿಯಲು 150 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಬಿಸಿಲಿಗೆ ಡೀಸೆಲ್ ಲಾರಿ "ಏರ್ ಲಾಕ್ ಆಯ್ತು" ಅನ್ನುವವರು ದಯವಿಟ್ಟು ಒದ್ದೆ ಬಟ್ಟೆಯನ್ನು ತಲೆಗೆ ಸುತ್ತಿಕೊಳ್ಳಲಿ.

ಹೆಸರಿಡುವ ಮೊದಲು ಹೊಗೆ ಕೊಳವೆ ನೋಡಿ, ಅಷ್ಟು ಸಾಕು. ಸೆಲ್ಫ್ ಹೊಡೆದಾಗ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಮುಟ್ಟಿದೆ, ಉರಿಯುತ್ತಿಲ್ಲ. ಆಗ ಏರ್ ಹುಡುಕುವುದು ದಂಡ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಮುಟ್ಟಿಲ್ಲ. ಆಗ ಟ್ಯಾಂಕಿನಿಂದ ಶುರು ಮಾಡಿ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಹಳೆ ಗಾಡಿಯಲ್ಲಿ ನಾಝಲ್ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದು ಏರ್ ತೆಗೆಯುವುದು ರೂಢಿ. ಕಾಮನ್ ರೇಲ್ ಗಾಡಿಯಲ್ಲಿ (ಎಲ್ಲ ನಾಝಲ್ಲಿಗೂ ಅಧಿಕ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಗಾಡಿ), ಅಂದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಲಾರಿಗಳಲ್ಲಿ, ಅದಕ್ಕೂ ಹಿಂದಿನ ಎಷ್ಟೋ ಗಾಡಿಗಳಲ್ಲೂ, ಇದನ್ನು ಮಾಡಲೇಬೇಡಿ. ಅಲ್ಲಿ ಒತ್ತಡ 1,600 ಬಾರ್ ದಾಟಬಹುದು. ಕೂದಲಿನಷ್ಟು ಸಣ್ಣ ಧಾರೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಏರ್ ತೆಗೆಯುವುದೆಲ್ಲ ಫಿಲ್ಟರಿನ ಕಡೆಯೇ ಮುಗಿಯಬೇಕು.

ಈಗ ಆ ಮೂರನೇ ಗಾಡಿ. ಡ್ರೈವರ್ ಅರ್ಧ ಗಂಟೆ ಪ್ರೈಮರ್ ಒತ್ತಿದ್ದ. ಫಿಲ್ಟರಿನಲ್ಲಿ ಗುಳ್ಳೆಯಿಲ್ಲದ ಡೀಸೆಲ್, ಪ್ರೈಮರ್ ಕಲ್ಲಿನಂತೆ ಗಟ್ಟಿ. ಹೊಗೆ ಮಾತ್ರ ಇಲ್ಲ. ಆದರೂ "ಏರ್ ಲಾಕೇ ಅಣ್ಣಾ" ಅಂತ ಹಟ. ಎಳೆದರೆ ಡೀಸೆಲ್ ನಿಲ್ಲಿಸಿ ಇಂಜಿನ್ ಆರಿಸುವ ಕ್ಯಾಬಿನ್ನಿನ ಸ್ಟಾಪ್ ಗುಬುಟು ಒಳಗೇ ಇತ್ತು. ಆದರೆ ಅದರ ಕೇಬಲ್ ತುಕ್ಕು ಹಿಡಿದು, ಪಂಪಿನ ಮೇಲಿನ ಲಿವರ್ ಸ್ಟಾಪ್‌ನಲ್ಲೇ ನಿಂತುಬಿಟ್ಟಿತ್ತು. ಬೆರಳಲ್ಲಿ ಹಿಂದಕ್ಕೆ ತಳ್ಳಿ ಸೆಲ್ಫ್ ಹೊಡಿ ಅಂದೆ. ಹೊಡೆದ. ಸ್ಟಾರ್ಟ್ ಆಗಲಿಲ್ಲ. ನಾನು ಫೋನ್ ಎತ್ತುವ ಮೊದಲೇ ಅವನು ಆರೂ ನಾಝಲ್ ನಟ್ಟು, ಪಂಪಿನ ಸ್ಕ್ರೂ ಎಲ್ಲ ಬಿಚ್ಚಿ ಹಾಕಿ ಮುಗಿಸಿದ್ದ. ಅಷ್ಟೊತ್ತಿಗೆ ನಿಜವಾಗಿಯೂ ಏರ್ ಲಾಕ್ ಆಗಿತ್ತು.