ತಾರೀಖು ಒಂದೇ ಆದ ಮಾತ್ರಕ್ಕೆ ದಿನ ಒಂದೇ ಅಲ್ಲ

ಏಪ್ರಿಲ್ 23 ಹತ್ತಿರ ಬಂದರೆ ಸಾಕು, ‘ಇತಿಹಾಸದಲ್ಲಿ ಈ ದಿನ’ ಅಂಕಣದ ಕರಡಿನಲ್ಲಿ ಆ ಸಾಲು ಬಂದೇ ಬರುತ್ತದೆ: ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರೂ 1616ರಲ್ಲಿ ಒಂದೇ ದಿನ ತೀರಿಕೊಂಡರು. ಈ ಸಾಲನ್ನು ಪ್ರತಿವರ್ಷ ಹೊಡೆದುಹಾಕುತ್ತೇವೆ. ಮರುವರ್ಷ ಬೇರೆ ಯಾರೋ ಇನ್ನೆಲ್ಲಿಂದಲೋ ನಕಲು ಮಾಡಿ ತರುತ್ತಾರೆ. ತಿದ್ದಿದ್ದು ಯಾಕೆ ಎಂದು ಕೇಳುವವರಿಗೆ ಸಿಕ್ಕಿದಷ್ಟು ಜಾಗದಲ್ಲಿ ಉತ್ತರ ಕೊಟ್ಟು ಮುಗಿಸಿಬಿಡುತ್ತೇವೆ, ಅದೇ ನಮ್ಮ ತಪ್ಪು. ಆದ್ದರಿಂದ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

1616ರ ಹೊತ್ತಿಗೆ ಸ್ಪೇನ್ ನಾವೀಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದು 33 ವರ್ಷ ದಾಟಿತ್ತು. ಇಂಗ್ಲೆಂಡ್ ಮಾತ್ರ ಇನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲೇ ಇತ್ತು. ಎರಡಕ್ಕೂ ಆಗ 10 ದಿನದ ಅಂತರ. ಸ್ಪೇನಿನ ಏಪ್ರಿಲ್ 23 ಬಂದದ್ದು ಶನಿವಾರ, ಇಂಗ್ಲೆಂಡಿನ ಏಪ್ರಿಲ್ 23 ಬಂದದ್ದು ಮಂಗಳವಾರ. ಅದು ಮುಂದಿನ ವಾರದ ಮಂಗಳವಾರವೂ ಅಲ್ಲ, ಅದರಾಚೆಯದು. ಶೇಕ್ಸ್‌ಪಿಯರ್ ಸತ್ತ ದಿನ ಸ್ಪೇನಿನವರ ಲೆಕ್ಕದಲ್ಲಿ ಮೇ 3. ಇಷ್ಟು ಸಾಲದೆಂಬಂತೆ, ಸರ್ವಾಂಟಿಸ್ ಸತ್ತದ್ದು ಏಪ್ರಿಲ್ 22ರಂದು ಎಂದೇ ಈಗ ಸಾಮಾನ್ಯವಾಗಿ ಒಪ್ಪಿಕೊಂಡಿದ್ದಾರೆ. 23 ಎನ್ನುವುದು ಅವರ ಅಂತ್ಯಸಂಸ್ಕಾರದ ದಾಖಲೆಯ ತಾರೀಖು. ಅಲ್ಲಿಗೆ ಇಬ್ಬರ ಸಾವಿನ ನಡುವೆ 11 ದಿನ. ಯುನೆಸ್ಕೊ 1995ರಲ್ಲಿ ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನವೆಂದು ಸಾರಿತು. ಆ ಗೌರವಕ್ಕೆ ಒಂದೇ ತಾರೀಖು ಸಾಕು. ‘ದಾಖಲೆಯಲ್ಲಿ ಒಂದೇ ತಾರೀಖು’ ಎಂದು ಬರೆಯಿರಿ, ನಮ್ಮ ತಕರಾರಿಲ್ಲ. ‘ಒಂದೇ ದಿನ’ ಎಂದು ಬರೆಯಬೇಡಿ.

ತಾರೀಖು ಎನ್ನುವುದು ದಿನಕ್ಕೆ ಅಂಟಿಸಿದ ಚೀಟಿ. ಯಾರು ಅಂಟಿಸಿದರು, ಎಲ್ಲಿ ಅಂಟಿಸಿದರು ಎಂದು ಗೊತ್ತಾಗದೆ ಎರಡು ಚೀಟಿಗಳನ್ನು ಹೋಲಿಸಲು ಬರುವುದಿಲ್ಲ. ವಾರ ಹಾಗಲ್ಲ. ಹೊಸ ಕ್ಯಾಲೆಂಡರಿಗೆ ಬದಲಾದ ದಿನಗಳನ್ನೇ ನೋಡಿ. 1582ರ ಅಕ್ಟೋಬರ್ 4, ಗುರುವಾರ. ಅದರ ಮರುದಿನ ರೋಮಿನಲ್ಲಿ ಅಕ್ಟೋಬರ್ 15, ಶುಕ್ರವಾರ. ಬ್ರಿಟನ್ನಿನಲ್ಲಿ 1752ರ ಸೆಪ್ಟೆಂಬರ್ 2, ಬುಧವಾರ. ಮರುದಿನ ಸೆಪ್ಟೆಂಬರ್ 14, ಗುರುವಾರ. ರಷ್ಯಾದಲ್ಲಿ 1918ರ ಜನವರಿ 31, ಬುಧವಾರ. ಮರುದಿನ ಫೆಬ್ರವರಿ 14, ಗುರುವಾರ. ತಾರೀಖು ಜಿಗಿದರೂ ವಾರದ ಸರಪಳಿ ಕಡಿಯಲಿಲ್ಲ. ಅದಕ್ಕೇ ಅನುಮಾನ ಬಂದ ಕಡೆ ಮೊದಲು ವಾರ ನೋಡುತ್ತೇವೆ. ಮೂಲದಲ್ಲಿ ವಾರ ಕೊಟ್ಟಿದ್ದರೆ ಅದು ಯಾವ ಕ್ಯಾಲೆಂಡರಿಗೆ ಹೊಂದುತ್ತದೆಂದು ತಾಳೆ ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಇನ್ನು ಪರಿವರ್ತನೆ. ಇಲ್ಲೇ ಹೆಚ್ಚು ಜನ ಎಡವುವುದು. ರಷ್ಯಾದ ಅಕ್ಟೋಬರ್ ಕ್ರಾಂತಿ ನವೆಂಬರ್ 7ಕ್ಕೆ ಬರುತ್ತದೆ, ಅಂದರೆ 25ಕ್ಕೆ 13 ಸೇರಿಸಬೇಕು ಎಂದು ಶಾಲೆಯಲ್ಲಿ ಕಲಿತದ್ದು ತಲೆಯಲ್ಲಿ ಉಳಿದಿರುತ್ತದೆ. ಆಮೇಲೆ ಕಂಡ ಹಳೆಯ ತಾರೀಖಿಗೆಲ್ಲ 13 ಸೇರಿಸುತ್ತಾ ಹೋಗುತ್ತಾರೆ. ಆ 13 ಇಪ್ಪತ್ತು ಮತ್ತು ಇಪ್ಪತ್ತೊಂದನೇ ಶತಮಾನಗಳಿಗೆ ಮಾತ್ರ ಸಲ್ಲುವ ಅಂಕಿ. ಜೂಲಿಯನ್ ಲೆಕ್ಕದಲ್ಲಿ ನಾಲ್ಕರಿಂದ ಭಾಗವಾಗುವ ಪ್ರತಿ ಇಸವಿಯೂ ಅಧಿಕ ವರ್ಷ. ಗ್ರೆಗೋರಿಯನ್‌ನಲ್ಲಿ 1700, 1800, 1900 ಅಧಿಕ ವರ್ಷಗಳಲ್ಲ, 1600 ಮತ್ತು 2000 ಮಾತ್ರ ಹೌದು. ಹಾಗಾಗಿ ಆ ಮೂರು ಫೆಬ್ರವರಿಗಳಲ್ಲೂ ಅಂತರ ಒಂದೊಂದು ದಿನ ಬೆಳೆಯಿತು. ಹಳೆಯ ಲೆಕ್ಕದ ತಾರೀಖು 1700ರ ಫೆಬ್ರವರಿ 28ರ ಒಳಗಿನದಾದರೆ 10 ಸೇರಿಸಿ; 1700ರ ಮಾರ್ಚ್ 1ರಿಂದ 11; 1800ರ ಮಾರ್ಚ್ 1ರಿಂದ 12; 1900ರ ಮಾರ್ಚ್ 1ರಿಂದ 13. ಈ 13 ಇನ್ನು ಬದಲಾಗುವುದು 2100ರಲ್ಲಿ.

ಒಬ್ಬನೇ ಮನುಷ್ಯನ ಬದುಕಿನಲ್ಲಿ ಇದು ಹೇಗೆ ಬದಲಾಗುತ್ತದೆ ನೋಡಿ. ಕವಿ ಪುಷ್ಕಿನ್ ಹುಟ್ಟಿದ್ದು ರಷ್ಯಾದ ಅಂದಿನ ಲೆಕ್ಕದಲ್ಲಿ 1799ರ ಮೇ 26. ಹನ್ನೊಂದು ಸೇರಿಸಿದರೆ ಜೂನ್ 6. ಸತ್ತದ್ದು 1837ರ ಜನವರಿ 29. ಇಲ್ಲಿ ಹನ್ನೊಂದು ಸಾಲದು, ಹನ್ನೆರಡು ಸೇರಿಸಬೇಕು: ಫೆಬ್ರವರಿ 10. ಹುಟ್ಟಿಗೆ ಒಂದು ಅಂಕಿ, ಸಾವಿಗೆ ಇನ್ನೊಂದು. ಎರಡಕ್ಕೂ 13 ಸೇರಿಸಿದವರ ಪಟ್ಟಿಯಲ್ಲಿ ಹುಟ್ಟು ಜೂನ್ 8ಕ್ಕೂ ಸಾವು ಫೆಬ್ರವರಿ 11ಕ್ಕೂ ಹೋಗಿ ಕೂರುತ್ತವೆ. ಲೆನಿನ್ ಜನ್ಮದಿನ 1870ರ ಏಪ್ರಿಲ್ 10. ಹೊಸ ಲೆಕ್ಕದಲ್ಲಿ ಏಪ್ರಿಲ್ 22, 23 ಅಲ್ಲ.

ಎರಡನೆಯ ಎಡವಟ್ಟು, ಆಗಲೇ ಪರಿವರ್ತಿಸಿದ ತಾರೀಖನ್ನು ಮತ್ತೊಮ್ಮೆ ಪರಿವರ್ತಿಸುವುದು. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ವರ್ಜೀನಿಯಾದ ಲೆಕ್ಕದಲ್ಲಿ ಅದು 1731ರ ಫೆಬ್ರವರಿ 11. ಈಗ ನಾವು ಬರೆಯುವುದು 1732ರ ಫೆಬ್ರವರಿ 22. ಹುಟ್ಟಿದ ಇಸವಿ ಬ್ರಿಟಿಷ್ ಕಾಲದ್ದು ಎಂದು ಗಮನಿಸಿದ ಶ್ರದ್ಧಾವಂತರು ಆ 22ಕ್ಕೂ 11 ಸೇರಿಸಿಬಿಡುತ್ತಾರೆ. ಮೂಲ ದಾಖಲೆಯ ತಾರೀಖು ಕೈಯಲ್ಲಿಲ್ಲದಿದ್ದರೆ ಏನನ್ನೂ ಸೇರಿಸಬೇಡಿ. ಇಸವಿ 1731 ಇದ್ದದ್ದು 1732 ಆದದ್ದು ಯಾಕೆ ಎಂದು ಕೇಳಬಹುದು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ 1ರಿಂದ ಮಾರ್ಚ್ 24ರವರೆಗಿನ ದಿನಗಳು ಹಿಂದಿನ ಇಸವಿಗೇ ಸೇರುತ್ತಿದ್ದವು. ರಾಜ ಒಂದನೇ ಚಾರ್ಲ್ಸ್‌ನ ಶಿರಚ್ಛೇದವಾದ ದಿನ ಅಂದಿನ ಕಾಗದಪತ್ರಗಳಲ್ಲಿ 1648ರ ಜನವರಿ 30. ನಾವು 1649 ಎಂದು ಬರೆಯುತ್ತೇವೆ. ಎರಡೂ ಸರಿ, ಆದರೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬಾರದು.

ಬೆರೆಸಿದರೆ ಏನಾಗುತ್ತದೆ ಎನ್ನುವುದಕ್ಕೆ ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬ ಮಾತಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಗೆಲಿಲಿಯೊ ಸತ್ತದ್ದು ಇಟಲಿಯ ಗ್ರೆಗೋರಿಯನ್ ಲೆಕ್ಕದಲ್ಲಿ 1642ರ ಜನವರಿ 8. ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ಜೂಲಿಯನ್ ಲೆಕ್ಕದಲ್ಲಿ 1642ರ ಡಿಸೆಂಬರ್ 25. ಇಬ್ಬರನ್ನೂ ಗ್ರೆಗೋರಿಯನ್‌ಗೆ ತಂದರೆ ನ್ಯೂಟನ್ 1643ರ ಜನವರಿ 4ಕ್ಕೆ ಹೋಗುತ್ತಾನೆ. ಇಬ್ಬರನ್ನೂ ಜೂಲಿಯನ್‌ಗೆ ತಂದರೆ ಗೆಲಿಲಿಯೊ 1641ರ ಡಿಸೆಂಬರ್ 29ಕ್ಕೆ ಸರಿಯುತ್ತಾನೆ. ಯಾವ ಕಡೆಯಿಂದ ನೋಡಿದರೂ ಇಸವಿ ಒಂದಾಗುವುದಿಲ್ಲ. ಒಬ್ಬನಿಗೆ ಒಂದು ಕ್ಯಾಲೆಂಡರ್, ಇನ್ನೊಬ್ಬನಿಗೆ ಇನ್ನೊಂದು ಇಟ್ಟುಕೊಂಡಾಗ ಮಾತ್ರ ಕೂಡಿಬರುತ್ತದೆ.

1582ಕ್ಕೆ ಹಿಂದಿನ ಯುರೋಪಿನ ಘಟನೆಗಳಿಗೆ ಈ ಕೂಡಿಸುವ ಕೆಲಸವೇ ಬೇಡ. ಕೊಲಂಬಸ್ ತಂಡ ಭೂಮಿ ಕಂಡದ್ದು 1492ರ ಅಕ್ಟೋಬರ್ 12, ಅದು ಹಾಗೆಯೇ ಇರಲಿ. ಇತಿಹಾಸಕಾರರ ರೂಢಿಯೂ ಅದೇ. ಕಂಪ್ಯೂಟರ್ ಮಾತ್ರ ಈ ರೂಢಿ ಕೇಳುವುದಿಲ್ಲ. ತಾರೀಖು ಬರೆಯುವ ಅಂತರರಾಷ್ಟ್ರೀಯ ಮಾನಕವು ಗ್ರೆಗೋರಿಯನ್ ನಿಯಮವನ್ನೇ ಹಿಂದಕ್ಕೂ ಎಳೆಯುತ್ತದೆ, ಹಾಗಾಗಿ ತಂತ್ರಾಂಶ ಕೊಟ್ಟ ವಾರ ಅಂದಿನ ಜನ ಬದುಕಿದ ವಾರವಾಗಿರುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಇಟ್ಟುಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ಅದು 1900ನ್ನು ಅಧಿಕ ವರ್ಷವೆಂದೇ ಎಣಿಸುತ್ತದೆ. ಲೋಟಸ್ 1-2-3 ಎಂಬ ಹಳೆಯ ತಂತ್ರಾಂಶದ ಲೆಕ್ಕಕ್ಕೆ ಹೊಂದಲಿ ಎಂದು ಉಳಿಸಿಕೊಂಡ ದೋಷ ಇದು. ಆ ವರ್ಷದ ಮಾರ್ಚ್ 1ಕ್ಕೆ ಹಿಂದಿನ ವಾರಗಳು ಒಂದು ದಿನ ತಪ್ಪು. 1900ಕ್ಕಿಂತ ಹಿಂದಿನದನ್ನಂತೂ ತಾರೀಖು ಎಂದೇ ತೆಗೆದುಕೊಳ್ಳುವುದಿಲ್ಲ. ಹಳೆಯ ಇಸವಿಗಳ ಅಂಕಣವನ್ನು ಪಠ್ಯವಾಗಿಯೇ ಇಡಿ, ಪಕ್ಕದಲ್ಲಿ ‘ಯಾವ ಲೆಕ್ಕ’ ಎಂದು ಒಂದು ಕಾಲಂ ಸೇರಿಸಿ.

ಚಾಂದ್ರಮಾನದ ತಾರೀಖುಗಳಿಗೆ ಕೂಡಿಸುವ ಅಂಕಿಯೇ ಇಲ್ಲ, ಕೋಷ್ಟಕವೇ ಗತಿ. ಜಪಾನಿನ ಸೆಕಿಗಹಾರ ಯುದ್ಧ ನಡೆದದ್ದು ಅಲ್ಲಿನ ಒಂಬತ್ತನೇ ತಿಂಗಳ ಹದಿನೈದನೇ ದಿನ. ಅದನ್ನು 1600ರ ಸೆಪ್ಟೆಂಬರ್ 15 ಎಂದು ಬರೆದುಬಿಡುತ್ತಾರೆ. ಒಂಬತ್ತನೇ ತಿಂಗಳೆಂದರೆ ಸೆಪ್ಟೆಂಬರ್ ಅಲ್ಲ. ನಿಜವಾದ ದಿನ ಅಕ್ಟೋಬರ್ 21.

ಎಲ್ಲಕ್ಕಿಂತ ತೊಡಕಿನದು ಜೂನ್ 28. ಸರ್ಬಿಯಾದವರು ಮರೆಯದ ಕೊಸೊವೊ ಯುದ್ಧ 1389ರ ಜೂನ್ 15, ಸಂತ ವೀಟಸನ ದಿನ. ಆರ್ಥೊಡಾಕ್ಸ್ ಚರ್ಚು ಜೂಲಿಯನ್ ಕ್ಯಾಲೆಂಡರ್ ಬಿಡಲಿಲ್ಲವಾದ್ದರಿಂದ ಆ ಜೂನ್ 15 ಹತ್ತೊಂಬತ್ತನೇ ಶತಮಾನದಲ್ಲಿ ಜಗತ್ತಿನ ಜೂನ್ 27ಕ್ಕೆ ಬರುತ್ತಿತ್ತು, ಇಪ್ಪತ್ತನೇ ಶತಮಾನದಲ್ಲಿ 28ಕ್ಕೆ ಬಂತು. 1914ರಲ್ಲಿ ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನಾಂಡ್ ಸರಯೇವೊದಲ್ಲಿ ಕೊಲೆಯಾದದ್ದು ಆ ಜೂನ್ 28ರಂದು. ಹಾಗಾಗಿ ಪಟ್ಟಿಗಳಲ್ಲಿ 1389ರ ಜೂನ್ 28 ಎಂಬ ತಾರೀಖು ಹುಟ್ಟಿಕೊಂಡಿತು. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಅಂತರ ಇದ್ದದ್ದು 8 ದಿನ. ಪರಿವರ್ತಿಸಲೇಬೇಕೆಂದರೆ ಅದು ಜೂನ್ 23. ಹಬ್ಬದ ದಿನ ಒಂದೇ, ಅದು ಸುಳ್ಳಲ್ಲ. ಸೂರ್ಯನ ಲೆಕ್ಕದ ದಿನ ಬೇರೆ. ನಮ್ಮ ಸಲಹೆ ಇಷ್ಟು: 1389ಕ್ಕೆ ಜೂನ್ 15 ಎಂದೇ ಬರೆಯಿರಿ, 1914ರ ಕೊಲೆ ಆ ಸ್ಮರಣೆಯ ದಿನ ನಡೆಯಿತು ಎಂದು ಸೇರಿಸಿ. 1919ರ ಜೂನ್ 28ರಂದು ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದನ್ನು ಮಾತ್ರ ಕೊಲೆಗೆ ಸರಿಯಾಗಿ ಐದು ವರ್ಷ ಎಂದು ಧೈರ್ಯವಾಗಿ ಬರೆಯಬಹುದು, ಎರಡೂ ಒಂದೇ ಲೆಕ್ಕದವು.

ಕ್ಯಾಲೆಂಡರ್ ಒಂದೇ ಆದ ಮೇಲೂ ಗಡಿಯಾರ ಇದೆ. ಪರ್ಲ್ ಹಾರ್ಬರ್ ದಾಳಿ 1941ರ ಡಿಸೆಂಬರ್ 7, ಮಲಯದ ಕೋಟಾ ಭಾರುವಿನಲ್ಲಿ ಜಪಾನಿ ಸೇನೆ ಇಳಿದದ್ದು ಡಿಸೆಂಬರ್ 8. ಪಟ್ಟಿಯಲ್ಲಿ ಮರುದಿನ ಎನಿಸುವ ಈ ಎರಡನೆಯದು ನಿಜದಲ್ಲಿ ಮೊದಲನೆಯದಕ್ಕಿಂತ ಗಂಟೆಗೂ ಹೆಚ್ಚು ಮುಂಚೆ ಶುರುವಾಯಿತು. ನಡುವೆ ಇರುವುದು ದಿನರೇಖೆ, ದಾಟಿದರೆ ತಾರೀಖು ಬದಲಾಗುವ ಗೆರೆ. ನಾವು ಪಾಲಿಸುವ ನಿಯಮ, ಘಟನೆ ನಡೆದ ಜಾಗದ ತಾರೀಖು. ಚಂದ್ರನ ಮೇಲೆ ಅಂಥ ತಾರೀಖು ಇಲ್ಲವಾದ್ದರಿಂದ ಅಲ್ಲಿ ಮಾತ್ರ ಗಡಿಯಾರದ ಹೆಸರು ಹೇಳಲೇಬೇಕು. ಅಪೊಲೊ 11 ಇಳಿದದ್ದು ಗ್ರೀನ್‌ವಿಚ್ ಸಮಯ 1969ರ ಜುಲೈ 20ರ ರಾತ್ರಿ 8 ಗಂಟೆ 17 ನಿಮಿಷಕ್ಕೆ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ಅದೇ ಗಡಿಯಾರದಲ್ಲಿ ಜುಲೈ 21ರ ಬೆಳಗಿನ ಜಾವ 2 ಗಂಟೆ 56 ನಿಮಿಷಕ್ಕೆ. ಅಮೆರಿಕದ ಗಡಿಯಾರ ಹಿಡಿದರೆ ಎರಡೂ 20. ಅಲಾಸ್ಕಾ 1867ರಲ್ಲಿ ರಷ್ಯಾದಿಂದ ಅಮೆರಿಕದ ಕೈಗೆ ಬಂದಾಗ ಕ್ಯಾಲೆಂಡರೂ ದಿನರೇಖೆಯೂ ಒಟ್ಟಿಗೆ ಬದಲಾದವು. ಅಕ್ಟೋಬರ್ 6ರ ಶುಕ್ರವಾರದ ಮರುದಿನ ಅಕ್ಟೋಬರ್ 18, ಅದೂ ಶುಕ್ರವಾರ. ವಾರ ಕಡಿಯುವುದಿಲ್ಲ ಎಂದು ಮೇಲೆ ಹೇಳಿದ ಮಾತಿಗೆ ಅಪವಾದಗಳು ಸಿಗುವುದು ಹೀಗೆ ದಿನರೇಖೆಯ ಆಚೀಚೆ ಸರಿದ ಊರುಗಳಲ್ಲಿ.

ಇನ್ನೊಂದು ವಿಷಯ, ಘಟನೆಯ ಯಾವ ಹಂತ ಎನ್ನುವುದು. ಲಿಂಕನ್ ಮತ್ತು ಟೈಟಾನಿಕ್ ಜೋಡಿ ಏಪ್ರಿಲ್ ಪಟ್ಟಿಗಳ ಅಚ್ಚುಮೆಚ್ಚಿನದು, ನಮಗೂ ಇಷ್ಟದ್ದೇ. ಆದರೆ ಲಿಂಕನ್‌ಗೆ ಗುಂಡು ಬಿದ್ದದ್ದು 1865ರ ಏಪ್ರಿಲ್ 14ರ ರಾತ್ರಿ, ಪ್ರಾಣ ಹೋದದ್ದು 15ರ ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ. ಟೈಟಾನಿಕ್‌ಗೆ ಹಿಮಗಡ್ಡೆ ತಗುಲಿದ್ದು 1912ರ ಏಪ್ರಿಲ್ 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ, ಮುಳುಗಿದ್ದು 15ರ ನಸುಕಿನ 2 ಗಂಟೆ 20 ನಿಮಿಷಕ್ಕೆ. ಗುಂಡಿಗೆ ಹಿಮಗಡ್ಡೆ, ಸಾವಿಗೆ ಮುಳುಗಡೆ ಎಂದು ಜೋಡಿಸಿದರೆ ಎರಡೂ ತಾರೀಖು ಕೂಡುತ್ತವೆ. ಬರುವ ಕರಡುಗಳಲ್ಲಿ ‘ಏಪ್ರಿಲ್ 14: ಲಿಂಕನ್ ಹತ್ಯೆ, ಟೈಟಾನಿಕ್ ಮುಳುಗಿತು’ ಎಂದಿರುತ್ತದೆ. ಅಮೆರಿಕದ ಸ್ವಾತಂತ್ರ್ಯವೂ ಹೀಗೆಯೇ. ಕಾಂಗ್ರೆಸ್ ಮತ ಹಾಕಿದ್ದು 1776ರ ಜುಲೈ 2, ಘೋಷಣೆಯ ಪಠ್ಯ ಒಪ್ಪಿದ್ದು ಜುಲೈ 4, ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2. ‘ಜುಲೈ 4ರಂದು ಸಹಿ’ ಎಂದು ಬರೆಯಬೇಡಿ, ‘ಅಂಗೀಕಾರ’ ಎಂದು ಬರೆಯಿರಿ. ದೀಕ್ಷಾಸ್ನಾನದ ದಾಖಲೆಯನ್ನೇ ಜನ್ಮದಿನ ಮಾಡುವುದೂ ಇದೇ ಜಾತಿಯ ತಪ್ಪು. ಶೇಕ್ಸ್‌ಪಿಯರ್‌ಗೆ ದೀಕ್ಷಾಸ್ನಾನವಾದದ್ದು 1564ರ ಏಪ್ರಿಲ್ 26. ಹುಟ್ಟಿದ್ದು 23 ಎನ್ನುವುದು ರೂಢಿ, ದಾಖಲೆಯಲ್ಲ. ಬೀಥೋವನ್‌ಗೂ ಉಳಿದಿರುವುದು 1770ರ ಡಿಸೆಂಬರ್ 17ರ ದೀಕ್ಷಾಸ್ನಾನದ ದಾಖಲೆಯೇ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಉಳಿಯುವ ಜೋಡಿಗಳಿವೆ, ಅವನ್ನು ಕಂಡರೆ ನಿಜಕ್ಕೂ ಸಂತೋಷ. ಡಾರ್ವಿನ್ ಮತ್ತು ಲಿಂಕನ್ ಇಬ್ಬರೂ 1809ರ ಫೆಬ್ರವರಿ 12ರಂದು, ಒಂದೇ ಕ್ಯಾಲೆಂಡರಿನಲ್ಲಿ ಹುಟ್ಟಿದವರು. ಜಾನ್ ಆಡಮ್ಸ್ ಮತ್ತು ಜೆಫರ್ಸನ್ ಇಬ್ಬರೂ 1826ರ ಜುಲೈ 4ರಂದು, ತಾವೇ ರೂಪಿಸಿದ ಘೋಷಣೆಗೆ 50 ತುಂಬಿದ ದಿನ ತೀರಿಕೊಂಡರು. ಅಂಥ ಜೋಡಿ ಸಿಕ್ಕಾಗ ಕೊನೆಯದಾಗಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕಾಕತಾಳೀಯವೋ, ಒಂದು ಇನ್ನೊಂದನ್ನು ಎಳೆದು ತಂದದ್ದೋ? ಜರ್ಮನಿಯ ನವೆಂಬರ್ 9ರಲ್ಲಿ ಎರಡೂ ಇವೆ. 1938ರಲ್ಲಿ ಯಹೂದಿಗಳ ಮೇಲೆ ಹಿಂಸಾಚಾರ ಭುಗಿಲೆದ್ದ ಆ ರಾತ್ರಿ ನಾಜಿ ಮುಖಂಡರು ಮ್ಯೂನಿಕ್‌ನಲ್ಲಿ ಒಟ್ಟಿಗೆ ಸೇರಿದ್ದೇ 1923ರ ವಿಫಲ ದಂಗೆಯ ಸ್ಮರಣೆಗೆ. ಅಲ್ಲಿ ಕಾರಣದ ಎಳೆ ಇದೆ. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆದದ್ದು ಪತ್ರಿಕಾಗೋಷ್ಠಿಯಲ್ಲಿ ಪೂರ್ವ ಜರ್ಮನಿಯ ವಕ್ತಾರ ಗುಂಟರ್ ಶಾಬೊವ್‌ಸ್ಕಿ ಪ್ರಯಾಣದ ಹೊಸ ನಿಯಮ ತಕ್ಷಣದಿಂದಲೇ ಜಾರಿ ಎಂದುಬಿಟ್ಟದ್ದರಿಂದ. ಅಲ್ಲಿ ಹಳೆಯ ತಾರೀಖುಗಳ ಕೈವಾಡ ಏನೂ ಇಲ್ಲ.

ಗಗಾರಿನ್ ಬಾಹ್ಯಾಕಾಶಕ್ಕೆ ಹೋದದ್ದು 1961ರ ಏಪ್ರಿಲ್ 12. ಮೊದಲ ಸ್ಪೇಸ್ ಶಟಲ್ ಕೊಲಂಬಿಯಾ ಹಾರಿದ್ದು 1981ರ ಏಪ್ರಿಲ್ 12. ಸರಿಯಾಗಿ 20 ವರ್ಷ, ಬೇಕೆಂದೇ ಆರಿಸಿದ ದಿನ ಎಂದು ಬರೆಯುವವರಿದ್ದಾರೆ. ಕೊಲಂಬಿಯಾ ಹೊರಡಬೇಕಾಗಿದ್ದದ್ದು ಏಪ್ರಿಲ್ 10ಕ್ಕೆ. ಅದರ ಕಂಪ್ಯೂಟರುಗಳ ಸಮಯ ಒಂದಕ್ಕೊಂದು ಹೊಂದದೆ ಅಂದಿನ ಉಡಾವಣೆ ನಿಂತಿತು, ಎರಡು ದಿನ ಮುಂದಕ್ಕೆ ಹೋಯಿತು.