ಪದ ಪರಿಚಯ: ಇಂಟೆಸ್ಟೈನಲ್ ಪರ್ಮಿಯಬಿಲಿಟಿ, ಅಥವಾ ತಿಂದಿದ್ದು ಮೈಗೆ ಹತ್ತದಿರುವುದು

“ಏನು ಕೊಟ್ಟರೂ ಮಗೂಗೆ ಮೈಗೆ ಹತ್ತಲ್ಲ ಕಣಮ್ಮ.” ಅಂಗನವಾಡಿಯಲ್ಲಿ ತೂಕ ನೋಡುವ ದಿನ ಅಜ್ಜಿಯರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ಭೇದಿ ನಿಂತು ತಿಂಗಳಾಗಿದೆ. ಮಗು ರಾಗಿ ಸರಿ ತಿನ್ನುತ್ತಿದೆ, ಅನ್ನ ಬೇಳೆ ತಿನ್ನುತ್ತಿದೆ. ಆದರೂ ಕಾರ್ಡಿನಲ್ಲಿ ತೂಕದ ಗೆರೆ ಮೇಲಕ್ಕೆ ಏಳುತ್ತಿಲ್ಲ. ಉಂಡದ್ದು ಒಂದು, ಮೈಗೆ ಸೇರಿದ್ದು ಇನ್ನೊಂದು ಅಂತ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಈ ವ್ಯತ್ಯಾಸ ಆಗುವುದು ಎಲ್ಲಿ, ಯಾಕೆ ಅಂತ ಹುಡುಕುವ ವೈದ್ಯರು ಪದೇ ಪದೇ ಬಳಸುವ ಪದವೇ ಇಂಟೆಸ್ಟೈನಲ್ ಪರ್ಮಿಯಬಿಲಿಟಿ.

ಇಂಟೆಸ್ಟೈನಲ್ ಅಂದರೆ ಕರುಳಿನ, ಪರ್ಮಿಯಬಿಲಿಟಿ ಅಂದರೆ ದಾಟಲು ಬಿಡುವ ಗುಣ. ಹೊಸ ಮಣ್ಣಿನ ಮಡಕೆಯಲ್ಲಿ ನೀರಿಟ್ಟರೆ ಹೊರಮೈ ಜಿನುಗುತ್ತದೆ. ಸ್ಟೀಲ್ ಬಿಂದಿಗೆ ಜಿನುಗುವುದಿಲ್ಲ. ಮಡಕೆಯ ಗೋಡೆಗೆ ಈ ಗುಣ ಇದೆ, ಬಿಂದಿಗೆಗೆ ಇಲ್ಲ. ಕರುಳಿನ ಗೋಡೆಯ ಕೆಲಸ ಇವೆರಡಕ್ಕಿಂತ ಕಷ್ಟದ್ದು. ಅದು ಆರಿಸಿ ಬಿಡಬೇಕು. ಸಕ್ಕರೆ, ಉಪ್ಪು, ಪ್ರೋಟೀನಿನ ಚೂರು, ಕೊಬ್ಬು, ವಿಟಮಿನ್ ಒಳಗೆ ಬರಬೇಕು. ಬ್ಯಾಕ್ಟೀರಿಯಾ, ಅವುಗಳ ವಿಷ, ಅರ್ಧ ಜೀರ್ಣವಾದ ದೊಡ್ಡ ತುಣುಕು ಹೊರಗೇ ಉಳಿಯಬೇಕು.

ಇಷ್ಟೆಲ್ಲ ಮಾಡುವ ಆ ಒಳಪದರ ಒಂದೇ ಒಂದು ಸಾಲು ಜೀವಕೋಶದ್ದು. ಅದೂ 3ರಿಂದ 5 ದಿನಕ್ಕೊಮ್ಮೆ ಹಳೆಯದು ಉದುರಿ ಹೊಸದು ಬರುತ್ತಲೇ ಇರುತ್ತದೆ. ಈ ಪದರವನ್ನು ಟರ್ಕಿ ಟವೆಲ್ ಅಂದುಕೊಳ್ಳಿ. ಟವೆಲ್ ಮೇಲೆ ಎದ್ದು ನಿಂತ ನೂಲಿನ ಕುಣಿಕೆಗಳಂತೆ ಸಣ್ಣ ಕರುಳಿನ ಒಳಗೆ ಬೆರಳಿನಾಕಾರದ ಪುಟ್ಟ ಪುಟ್ಟ ಎಳೆಗಳಿವೆ. ಅವಕ್ಕೆ ವಿಲ್ಲೈ ಅನ್ನುತ್ತಾರೆ. ಅವುಗಳ ಮೇಲೂ ಇನ್ನೂ ಸಣ್ಣ ಎಳೆಗಳು. ಎಲ್ಲ ಬಿಡಿಸಿ ಹಾಸಿದರೆ ಒಂದು ಟೆನಿಸ್ ಕೋರ್ಟ್ ಆಗುತ್ತದೆ ಅಂತ ಬಹಳ ಕಾಲ ಹೇಳುತ್ತಿದ್ದರು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದಾಗ ಸಿಕ್ಕಿದ್ದು ಸುಮಾರು 30 ಚದರ ಮೀಟರ್. ಅಂದರೆ 20 ಅಡಿಗೆ 16 ಅಡಿಯ ಒಂದು ಹಜಾರ. ಹೊಟ್ಟೆಯೊಳಗೆ ಅಷ್ಟು ಇದ್ದರೂ ಜಾಸ್ತಿಯೇ ಅಲ್ವಾ?

ಪಕ್ಕಪಕ್ಕದ ಜೀವಕೋಶಗಳನ್ನು ಒಂದಕ್ಕೊಂದು ಸೇರಿಸುವ ಹೊಲಿಗೆಯೂ ಇದೆ. ಅದರ ಹೆಸರು ಟೈಟ್ ಜಂಕ್ಷನ್. 1963ರಲ್ಲಿ ಮರ್ಲಿನ್ ಫಾರ್ಕರ್ ಮತ್ತು ಜಾರ್ಜ್ ಪೆಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಂಡು ವಿವರಿಸಿದರು. ಆಗ ಇದನ್ನು ಒಮ್ಮೆ ಹಾಕಿದರೆ ಹಾಗೇ ಇರುವ ಗಟ್ಟಿ ಹೊಲಿಗೆ ಎಂದುಕೊಂಡಿದ್ದರು. ನಿಜಕ್ಕೂ ಅದು ಹೊತ್ತುಹೊತ್ತಿಗೆ ಸಡಿಲವಾಗುತ್ತದೆ, ಬಿಗಿಯಾಗುತ್ತದೆ. ಊಟದ ನಂತರ ಒಂದಿಷ್ಟು ಸಡಿಲವಾಗುವುದು ಸಹಜ. ಸೋಂಕು, ಉರಿಯೂತ, ಮದ್ಯ, ಆಸ್ಪಿರಿನ್ ಜಾತಿಯ ನೋವಿನ ಮಾತ್ರೆ ಇವೆಲ್ಲ ಅದನ್ನು ಬೇಡದಷ್ಟು ಸಡಿಲ ಮಾಡುತ್ತವೆ.

ಹಾಗಾಗಿ ಕಾಯಿಲೆ ಬಿದ್ದ ಕರುಳಿಗೆ ಎರಡು ಪೆಟ್ಟು. ಟವೆಲ್ ಸವೆದು ಚಪ್ಪಟೆಯಾಗುತ್ತದೆ, ಹೀರುವುದು ಕಡಿಮೆಯಾಗುತ್ತದೆ. ಹೊಲಿಗೆ ಬಿಡುತ್ತದೆ, ಬೇಡದ್ದು ನುಸುಳುತ್ತದೆ. ಹಾಗೆ ನುಸುಳಿದ್ದರ ಜೊತೆ ಹೋರಾಡಲು ದೇಹ ಶಕ್ತಿ ಖರ್ಚು ಮಾಡಬೇಕು. ಮಗು ಬೆಳೆಯಲಿಕ್ಕೆ ಬೇಕಾಗಿದ್ದೂ ಅದೇ ಶಕ್ತಿ. ಇದಕ್ಕೆ ಜನ ಬಳಸುವ ‘ಸೋರುವ ಕರುಳು’ (ಲೀಕಿ ಗಟ್) ಅನ್ನುವ ಮಾತು ನನಗೆ ಸರಿಬರದಿರುವುದು ಇದಕ್ಕೇ. ಸೋರುವುದು ಅಂದ ಕೂಡಲೇ ತೂತು ಬಿದ್ದ ಪೈಪು ಕಣ್ಣಿಗೆ ಬರುತ್ತದೆ. ಹೀರುವ ಶಕ್ತಿ ಕುಂದಿದ ವಿಷಯ ಮರೆತೇ ಹೋಗುತ್ತದೆ.

ಇದನ್ನು ಅಳೆಯುವ ಬಗೆ ನನಗೆ ತುಂಬಾ ಇಷ್ಟ. ಎರಡು ಸಿಹಿ ಪದಾರ್ಥ ತೆಗೆದುಕೊಳ್ಳುತ್ತಾರೆ. ಒಂದು ಲ್ಯಾಕ್ಟುಲೋಸ್, ಮಲಬದ್ಧತೆಗೆ ಕೊಡುವ ಅದೇ ಸಿರಪ್ಪು. ಇನ್ನೊಂದು ಮ್ಯಾನಿಟಾಲ್. ಇವು ರಕ್ತಕ್ಕೆ ಸೇರಿದರೂ ದೇಹ ಇವನ್ನು ಬಳಸಿಕೊಳ್ಳುವುದಿಲ್ಲ, ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಲ್ಯಾಕ್ಟುಲೋಸ್ ಕಣ ದೊಡ್ಡದು. ಹೊಲಿಗೆ ಬಿಗಿಯಾಗಿದ್ದರೆ ಅದು ಒಳಗೆ ಹೋಗುವುದೇ ಅಪರೂಪ. ಮ್ಯಾನಿಟಾಲ್ ಸಣ್ಣದು, ಟವೆಲ್ ಚೆನ್ನಾಗಿದ್ದಷ್ಟೂ ಜಾಸ್ತಿ ಒಳಗೆ ಹೋಗುತ್ತದೆ. ಮಗುವಿಗೆ ಅಳತೆ ಮಾಡಿ ಆ ಸಿಹಿನೀರು ಕುಡಿಸುತ್ತಾರೆ. ಮೂತ್ರ ಹಿಡಿಯುವ ಪುಟ್ಟ ಚೀಲ ಅಂಟಿಸುತ್ತಾರೆ. ಆಮೇಲೆ ಸುಮಾರು 5 ಗಂಟೆ ಕಾಯುವುದೇ ಕೆಲಸ. ಮಗು ಒದ್ದಾಡಿ ಚೀಲ ಕಿತ್ತುಕೊಳ್ಳದಂತೆ ತಾಯಿ ಆಡಿಸುತ್ತಾ ಕೂರಬೇಕು. ಕೊನೆಗೆ ಎರಡರ ಪ್ರಮಾಣ ನೋಡುತ್ತಾರೆ. ಲ್ಯಾಕ್ಟುಲೋಸ್ ಏರಿದ್ದರೆ ಹೊಲಿಗೆ ಬಿಟ್ಟಿದೆ. ಮ್ಯಾನಿಟಾಲ್ ಇಳಿದಿದ್ದರೆ ಟವೆಲ್ ಸವೆದಿದೆ. ಸೂಜಿ ಇಲ್ಲ, ಕರುಳಿನ ಚೂರು ಕತ್ತರಿಸುವುದೂ ಇಲ್ಲ. ಕೊರತೆಯೂ ಉಂಟು: ಮ್ಯಾನಿಟಾಲ್ ಅಣಬೆ, ಹೂಕೋಸಿನಂಥ ಆಹಾರದಲ್ಲೂ ಇರುವುದರಿಂದ ಲೆಕ್ಕ ಕೆಲವೊಮ್ಮೆ ಏರುಪೇರಾಗುತ್ತದೆ.

ಇದೇ ಪರೀಕ್ಷೆಯನ್ನು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ ಹಳ್ಳಿ ಮಕ್ಕಳಿಗೆ ಮಾಡಿದ ಒಂದು ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಆ ಮಕ್ಕಳ ಬೆಳವಣಿಗೆಯ ಕುಸಿತದಲ್ಲಿ 43%ರಷ್ಟು ಭಾಗ ಕರುಳಿನ ಈ ಸ್ಥಿತಿಯ ಜೊತೆ ತಾಳೆಯಾಗುತ್ತಿತ್ತು. ಎಷ್ಟು ದಿನ ಭೇದಿಯಾಯಿತು ಅನ್ನುವ ಲೆಕ್ಕಕ್ಕಿಂತ ಇದು ಹೆಚ್ಚು ಹೇಳುತ್ತಿತ್ತು. ಭೇದಿಯೇ ಇಲ್ಲದ, ನೋಡಲು ಚೆನ್ನಾಗೇ ಇರುವ ಮಗುವಿನ ಕರುಳೂ ಒಳಗೆ ಸವೆದಿರಬಹುದು.

ನಮ್ಮ ಪಕ್ಕದ ವೆಲ್ಲೂರಿನಲ್ಲಿ ಇದು ಅದಕ್ಕೂ ಮೊದಲೇ ಕಂಡಿತ್ತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್ ಮತ್ತು ವಿ. ಐ. ಮಥನ್ ದಕ್ಷಿಣ ಭಾರತದ ಜನರ ಕರುಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಯಾವ ದೂರೂ ಇಲ್ಲದವರಲ್ಲೂ ವಿಲ್ಲೈ ಬೆರಳಿನ ಆಕಾರ ಬಿಟ್ಟು ಅಗಲವಾಗಿ, ಗಿಡ್ಡವಾಗಿ ಇರುತ್ತಿದ್ದವು. ಇದನ್ನು ಟ್ರಾಪಿಕಲ್ ಎಂಟರೋಪತಿ, ಅಂದರೆ ಉಷ್ಣವಲಯದ ಕರುಳಿನ ತೊಂದರೆ ಎಂದು ಕರೆದರು. ನಮ್ಮ ಜನರ ಹುಟ್ಟುಗುಣವೇ ಹೀಗಿರಬಹುದೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಎರಡು ಕಡೆಯಿಂದ ಬಂತು. ಆಗಿನ ಪೂರ್ವ ಪಾಕಿಸ್ತಾನಕ್ಕೆ (ಈಗಿನ ಬಾಂಗ್ಲಾದೇಶ) ಸೇವೆಗೆ ಬಂದ ಅಮೆರಿಕದ ಪೀಸ್ ಕೋರ್ ತರುಣರ ಕರುಳೂ ಅಲ್ಲಿದ್ದಾಗ ಹೀಗೇ ಆಗಿ, ಊರಿಗೆ ಮರಳಿದ ಮೇಲೆ ಸರಿಹೋಯಿತು. ನ್ಯೂಯಾರ್ಕಿನಲ್ಲಿ ನೆಲೆಸಿದ ಭಾರತೀಯರ, ಪಾಕಿಸ್ತಾನಿಗಳ ಕರುಳೂ ಕಾಲಕ್ರಮೇಣ ಸುಧಾರಿಸಿತು. ಈ ಎರಡೂ ವರದಿ ಬಂದದ್ದು 1971ರಲ್ಲಿ. ತಪ್ಪು ನಮ್ಮ ರಕ್ತದಲ್ಲಿರಲಿಲ್ಲ. ಕುಡಿಯುವ ನೀರು, ಕೈ, ಅಂಗಳದ ಮಣ್ಣು, ಇವುಗಳ ಮೂಲಕ ಮತ್ತೆ ಮತ್ತೆ ಹೊಟ್ಟೆ ಸೇರುವ ರೋಗಾಣುಗಳದ್ದು. ಈಗ ಇದಕ್ಕೆ ಎನ್ವಿರಾನ್ಮೆಂಟಲ್ ಎಂಟೆರಿಕ್ ಡಿಸ್‌ಫಂಕ್ಷನ್, ಅಂದರೆ ಪರಿಸರದಿಂದ ಬರುವ ಕರುಳಿನ ತೊಂದರೆ ಅನ್ನುತ್ತಾರೆ.

ಹಾಗಾದರೆ ಶೌಚಾಲಯ ಕಟ್ಟಿ, ಕೈತೊಳೆಯಲು ಸೋಪು ಕೊಟ್ಟರೆ ಮಕ್ಕಳು ಎತ್ತರ ಬೆಳೆಯಬೇಕಿತ್ತು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ದೊಡ್ಡ ಪ್ರಯೋಗಗಳೇ ನಡೆದವು. 2018–19ರಲ್ಲಿ ಫಲಿತಾಂಶ ಬಂದಾಗ ಅಷ್ಟರಿಂದ ಮಾತ್ರ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರ ಕೊಟ್ಟಲ್ಲಿ ಒಂದಿಷ್ಟು ಹೆಚ್ಚಿತು. ಇದನ್ನು ಓದಿದಾಗ ನನಗೆ ಬೇಸರವಾಯಿತು. ಆದರೆ ಮನೆಗೊಂದು ಗುಂಡಿ ಶೌಚಾಲಯ, ಒಂದು ಸೋಪು ಕೊಟ್ಟಮಾತ್ರಕ್ಕೆ ಆ ಮಗುವಿನ ಬಾಯಿಗೆ ಹೋಗುವ ರೋಗಾಣು ಸಾಕಷ್ಟು ಕಡಿಮೆಯಾಗಲಿಲ್ಲ ಎಂದೇ ಅನೇಕ ಸಂಶೋಧಕರು ಇದನ್ನು ಅರ್ಥ ಮಾಡಿಕೊಂಡಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ನಳದಲ್ಲಿ ಶುದ್ಧ ನೀರು, ಮುಚ್ಚಿದ ಚರಂಡಿ ಇರುವ ಊರೇ ಬೇಕು.

ಇನ್ನು ‘ಲೀಕಿ ಗಟ್’ ಹೆಸರಲ್ಲಿ ಮೊಬೈಲ್ ತುಂಬಾ ಬರುವ ಪುಡಿ, ಕ್ಯಾಪ್ಸೂಲು. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್, ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಗಳಲ್ಲಿ ಕರುಳಿನ ಹೊಲಿಗೆ ಸಡಿಲವಾಗುವುದು ಅಳತೆಗೆ ಸಿಕ್ಕ ಸತ್ಯ. ಆದರೆ ಸುಸ್ತು, ಮೊಡವೆ, ಮರೆವು ಎಲ್ಲಕ್ಕೂ ಲೀಕಿ ಗಟ್ ಕಾರಣ ಅನ್ನುವುದಕ್ಕೆ ಆಧಾರ ಇಲ್ಲ. ಅದಕ್ಕೆಂದು ಮಾರುವ, ಹೊಲಿಗೆ ಸಡಿಲಿಸುವ ಜೋನುಲಿನ್ ಎಂಬ ಪ್ರೋಟೀನಿನ ಪರೀಕ್ಷೆಯನ್ನೂ ನಂಬುವಂತಿಲ್ಲ. ಬಹಳ ಕಡೆ ಬಳಸುತ್ತಿದ್ದ ಒಂದು ಕಿಟ್ ಬೇರೆ ಪ್ರೋಟೀನನ್ನು ಹಿಡಿಯುತ್ತಿತ್ತು ಅಂತ 2018ರಲ್ಲಿ ಗೊತ್ತಾಯಿತು. ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ.

ಪೆಟ್ಟು ತಿಂದ ಕರುಳಿನಲ್ಲೂ ಒಂದು ಬಾಗಿಲು ತೆರೆದೇ ಇರುತ್ತದೆ. ಗ್ಲೂಕೋಸ್ ಮತ್ತು ಉಪ್ಪು ಜೊತೆಯಾಗಿ ಹೋದರೆ ಕಾಲರಾ ಬಂದ ಕರುಳೂ ಅವನ್ನು ಒಳಗೆ ಬಿಡುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಸಾವಿರಾರು ಜನರನ್ನು ಉಳಿಸಿದ್ದು ಈ ನೀರನ್ನು ಕುಡಿಸಿಯೇ. ಅದೇ ನಮ್ಮ ಓಆರ್‌ಎಸ್.

ಓಆರ್‌ಎಸ್ ಜೊತೆ ಆಶಾ ಕಾರ್ಯಕರ್ತೆ ಜಿಂಕ್ ಮಾತ್ರೆಯನ್ನೂ ಕೊಡುತ್ತಾರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಚಮಚದಲ್ಲಿ ಮಾತ್ರೆ ಇಟ್ಟು ಎದೆಹಾಲನ್ನೋ ಕುದಿಸಿ ಆರಿಸಿದ ನೀರನ್ನೋ ಹಾಕಿದರೆ ಕರಗುತ್ತದೆ. ಮೂರನೇ ದಿನಕ್ಕೆ ಭೇದಿ ನಿಂತಿತು ಅಂತ ಉಳಿದ ಮಾತ್ರೆಯನ್ನು ಎಷ್ಟೋ ಮನೆಗಳಲ್ಲಿ ಗೂಡಿನಲ್ಲಿ ಎತ್ತಿಟ್ಟುಬಿಡುತ್ತಾರೆ. ಭೇದಿ ನಿಂತಿರುತ್ತದೆ ನಿಜ, ಟವೆಲ್ಲಿನ ನೂಲು ಇನ್ನೂ ಎದ್ದಿರುವುದಿಲ್ಲ, ಹೊಲಿಗೆ ಇನ್ನೂ ಕೂಡಿರುವುದಿಲ್ಲ. 14 ದಿನವೂ ಕೊಡಿ ಅನ್ನುವುದು ಅದಕ್ಕೆ. ಆ ಎರಡು ವಾರ ದಿನಕ್ಕೆ ಒಂದು ಹೊತ್ತಿನ ಊಟವನ್ನೂ ಜಾಸ್ತಿ ಕೊಡಬೇಕು.