ನೋವು ಹೋಯ್ತು ಮೇಡಂ, ಆಡಬಹುದಾ?

2025ರ ಏಪ್ರಿಲ್ 24. ಬೆಳಿಗ್ಗೆ ಏಳು ದಾಟಿತ್ತು. ಹಾಸನದ ನಮ್ಮ ಮನೆಯಲ್ಲಿ ನಾನು ತಿಂಡಿ ಮುಗಿಸಿ ಕ್ಲಿನಿಕ್ಕಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅಮೆರಿಕದ ಡೆನ್ವರ್‌ನಿಂದ ಅಕ್ಕನ ಮಗ ವಿಡಿಯೊ ಕಾಲ್ ಮಾಡಿದ. ಅವರಿಗೆ ಆಗ ಹಿಂದಿನ ದಿನದ ಸಂಜೆ. ಐಸ್ ಹಾಕಿ ಮ್ಯಾಚಿಗೆ ಹೋಗಿದ್ದ. ಫೋನ್ ತಿರುಗಿಸಿ ಮಂಜುಗಡ್ಡೆಯ ಅಂಗಳ ತೋರಿಸಿದ. ಒಬ್ಬ ಆಟಗಾರ ಸ್ಕೇಟ್ ಮಾಡುತ್ತಾ ಬಂದ, ಇಡೀ ಸ್ಟೇಡಿಯಂ ಎದ್ದು ನಿಂತು ಕೂಗಿತು.

"ಚಿಕ್ಕಮ್ಮಾ, ಇವ್ರು ಮಂಡಿ ಪೆಟ್ಟಿಂದ ಮೂರು ವರ್ಷ ಆಡಿರ್ಲಿಲ್ಲ. ನಿಮಗೆ ತೋರಿಸ್ಬೇಕು ಅನ್ನಿಸ್ತು" ಅಂದ.

ಒಂದೂವರೆ ಗಂಟೆ ಬಿಟ್ಟು ಕ್ಲಿನಿಕ್ ಮುಂದೆ ಒಂದು ಬೈಕ್ ಬಂದು ನಿಂತಿತು. ಆಲೂರು ಕಡೆಯ ಕಬಡ್ಡಿ ಹುಡುಗ. ಹತ್ತೊಂಬತ್ತು ವರ್ಷ, ಎದುರಾಳಿ ಅಂಗಳಕ್ಕೆ ನುಗ್ಗಿ ಆಡುವ ಒಳ್ಳೆ ರೇಡರ್. ಜನವರಿಯಲ್ಲಿ ಬಲ ಮಂಡಿಗೆ ಎಸಿಎಲ್ ಆಪರೇಷನ್ ಆಗಿತ್ತು. ಎಸಿಎಲ್ ಅಂದರೆ ಮಂಡಿಯೊಳಗೆ ಮೂಳೆಗಳನ್ನು ಬಿಗಿದು ಹಿಡಿಯುವ ಒಂದು ಲಿಗಮೆಂಟ್, ನಾರಿನ ಪಟ್ಟಿ. ಕುಂಟುತ್ತಾ ಬರುತ್ತಿದ್ದವನು ಅವತ್ತು ತಾನೇ ಬೈಕ್ ಓಡಿಸಿಕೊಂಡು ಬಂದಿದ್ದ. ಮೆಟ್ಟಿಲು ಹತ್ತಿ ಬಂದವನೇ ನಗುತ್ತಾ ಕೇಳಿದ:

"ನೋವು ಪೂರ್ತಿ ಹೋಯ್ತು ಮೇಡಂ. ಶನಿವಾರ ರಾತ್ರಿ ಊರ ಹಬ್ಬದ ಮ್ಯಾಚಿದೆ. ಆಡಬಹುದಾ?"

ಫಿಸಿಯೊಥೆರಪಿಸ್ಟ್ ಆಗಿ ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಕಬಡ್ಡಿಯವರು, ವಾಲಿಬಾಲ್‌ನವರು, ಪೊಲೀಸ್ ಸೆಲೆಕ್ಷನ್ನಿಗೆ ಓಡುವವರು, ಎಲ್ಲರೂ ಕೇಳುತ್ತಾರೆ. ಅವರ ಅಪ್ಪಂದಿರೂ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಅರ್ಥ ಆಗದೇ ಉಳಿಯುವ ವಿಷಯವೂ ಇದೇ. ಅದಕ್ಕೇ ಇವತ್ತು ಬೇರೆ ಎಲ್ಲ ಬಿಟ್ಟು ಇದೊಂದನ್ನೇ ಬರೆಯುತ್ತೇನೆ. ನೋವು ಹೋದ ದಿನವೇ ಬೇರೆ, ಮಂಡಿ ವಾಸಿಯಾದ ದಿನವೇ ಬೇರೆ. ಎರಡರ ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತದೆ. ನಮ್ಮ ಹುಡುಗರು ಮತ್ತೆ ಕಾಲು ಮುರಿದುಕೊಳ್ಳುವುದು ಆ ಅಂತರದಲ್ಲೇ.

ನೋವು ಯಾಕೆ ಹೋಗುತ್ತದೆ ನೋಡಿ. ಆಪರೇಷನ್ ಆದಾಗ ನೋಯುವುದು ಕೊಯ್ದ ಚರ್ಮ, ತೂತು ಕೊರೆದ ಮೂಳೆ, ಒಳಗಿನ ಊತ. ಇವೆಲ್ಲ ಎರಡು ಮೂರು ತಿಂಗಳಲ್ಲಿ ತಣ್ಣಗಾಗುತ್ತವೆ. ಆದರೆ ಹರಿದ ಲಿಗಮೆಂಟ್ ಜಾಗದಲ್ಲಿ ಕೂರಿಸಿದ ಹೊಸ ಎಳೆಯ ಕಥೆಯೇ ಬೇರೆ. ಸಾಮಾನ್ಯವಾಗಿ ಅದನ್ನು ಅವರದೇ ತೊಡೆಯ ಹಿಂಭಾಗದಿಂದ ತೆಗೆದಿರುತ್ತಾರೆ. ಅದೊಂದು ಕಸಿ. ಕಸಿ ಕಟ್ಟಿದ ಮಾವಿನ ಗಿಡ ಕಂಡವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಬಟ್ಟೆ ಬಿಗಿದು ಕಟ್ಟಿದ ದಿನ ಕೊಂಬೆ ಗಟ್ಟಿಯಾಗೇ ಕೂತಿರುತ್ತದೆ. ಆದರೆ ಅದಕ್ಕೆ ಇನ್ನೂ ರಸ ಹರಿದಿಲ್ಲ.

ಮಂಡಿಯೊಳಗೂ ಹಾಗೇ. ಕಿತ್ತು ತಂದ ಎಳೆಗೆ ರಕ್ತದ ಸಂಪರ್ಕ ತಪ್ಪಿರುತ್ತದೆ. ಅದರ ಹಳೆಯ ಜೀವಕೋಶಗಳು ಸಾಯುತ್ತವೆ. ಸುತ್ತಲಿಂದ ಹೊಸ ರಕ್ತನಾಳ ಒಳಗೆ ನುಗ್ಗಬೇಕು, ಹೊಸ ಕೋಶ ಬರಬೇಕು, ನಾರುಗಳೆಲ್ಲ ಮತ್ತೆ ಹೆಣೆದುಕೊಳ್ಳಬೇಕು. ಈ ಕೆಲಸ ನಡೆಯುವಾಗ ಆ ಎಳೆ ಆಪರೇಷನ್ ದಿನ ಇದ್ದದ್ದಕ್ಕಿಂತ ಮೆತ್ತಗಾಗುತ್ತದೆ. ಹೌದು, ಮೊದಲಿಗಿಂತ ಮೆತ್ತಗೆ. ಯಾವಾಗ? ಸುಮಾರು ಎರಡು ಮೂರು ತಿಂಗಳ ಹೊತ್ತಿಗೆ. ಅಂದರೆ ಸರಿಯಾಗಿ ನೋವು ಹೋಗಿ, ಊತ ಇಳಿದು, ಹುಡುಗ ಬೈಕ್ ಹತ್ತುವ ಹೊತ್ತಿಗೆ. ಪೂರ್ತಿ ಗಟ್ಟಿಯಾಗಲು ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಜೊತೆಗೆ, ಆ ಹೊಸ ಎಳೆಯಲ್ಲಿ ಸುದ್ದಿ ಮುಟ್ಟಿಸುವ ನರಗಳೂ ಸರಿಯಾಗಿ ಬೆಳೆದಿರುವುದಿಲ್ಲ. ಅದು ಕಷ್ಟದಲ್ಲಿದ್ದರೂ ನಿಮಗೆ ಹೇಳಲಾರದು. ಹಾಗಿರುವಾಗ ನೋವನ್ನೇ ನಂಬಿ ಅಂಗಳಕ್ಕೆ ಇಳಿಯುವುದು ಹೇಗೆ?

ಇದರ ಮೇಲೆ ಕೆಲವರು ಮ್ಯಾಚಿಗೆ ಮುಂಚೆ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಇಳಿಯುತ್ತಾರೆ. ಅದನ್ನು ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಡೆನ್ವರ್‌ನ ಆ ಆಟಗಾರನ ವಿಷಯಕ್ಕೆ ಬರುತ್ತೇನೆ. ಗೇಬ್ರಿಯಲ್ ಲ್ಯಾಂಡೆಸ್ಕಾಗ್, ಸ್ವೀಡನ್ ದೇಶದವರು. ಕೊಲೊರಾಡೊ ಅವಲಾಂಚ್ ತಂಡಕ್ಕೆ 19ನೇ ವಯಸ್ಸಿಗೇ ನಾಯಕರಾದವರು. ಇವರಿಗೆ ಆಗಿದ್ದು ಎಸಿಎಲ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2020ರ ಪ್ಲೇಆಫ್ ಪಂದ್ಯವೊಂದರಲ್ಲಿ ತಮ್ಮದೇ ತಂಡದ ಆಟಗಾರನ ಸ್ಕೇಟ್ ಬ್ಲೇಡ್ ತಗುಲಿ ಬಲ ಮಂಡಿ ಕೊಯ್ದುಕೊಂಡಿತು. ಅಲ್ಲಿಂದ ತೊಂದರೆ ಶುರು. 2022ರ ಮಾರ್ಚಿನಲ್ಲಿ ಒಂದು ಆಪರೇಷನ್. ಅದಾದ ಮೇಲೆ ಬಂದು ಆಡಿದರು, ಜೂನ್ 26ರಂದು ತಂಡ ಅವರ ಲೀಗಿನ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು, ಕಪ್ ಎತ್ತಿದ್ದು ಇವರೇ. ನಮ್ಮ ಪತ್ರಿಕೆಗಳಾದರೆ ಇಲ್ಲಿಗೆ ಕಥೆ ಮುಗಿಸಿ "ಛಲದಂಕಮಲ್ಲ" ಅಂತ ತಲೆಬರಹ ಕೊಟ್ಟುಬಿಡುತ್ತಿದ್ದವು.

ಮಂಡಿಯ ಕಥೆ ಮುಗಿದಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ಆಪರೇಷನ್. 2023ರ ಮೇ ತಿಂಗಳಲ್ಲಿ ಮತ್ತೂ ಒಂದು. ಈ ಸಲ ದಾನಿಯಿಂದ ಪಡೆದ ಕಾರ್ಟಿಲೇಜ್ ಕಸಿ. ಮೂಳೆಯ ತುದಿಯಲ್ಲಿ ಇರುವ ನುಣುಪಾದ ಹೊದಿಕೆಗೆ ಕಾರ್ಟಿಲೇಜ್ ಅನ್ನುತ್ತೇವೆ. ಅದಕ್ಕೆ ರಕ್ತನಾಳವೇ ಇಲ್ಲ. ಸವೆದರೆ ತಾನಾಗಿ ಬೆಳೆಯುವುದಿಲ್ಲ. ಅವರ ಲೀಗಿನಲ್ಲಿ ಆಗ ಒಂದು ಸೀಸನ್ನಿಗೆ 82 ಪಂದ್ಯ, ಪ್ರತಿ ಪಂದ್ಯದಲ್ಲೂ ಮಂಡಿ ಬಗ್ಗಿಸಿ, ಒಂದೇ ಕಾಲಿನ ಮೇಲೆ ಭಾರ ಹಾಕಿ ತಿರುಗಬೇಕು. ಅಂಥ ಆಟಕ್ಕೆ ಅಂಥ ಮಂಡಿ ಇಟ್ಟುಕೊಂಡು ವಾಪಸ್ ಬರುವುದು ಸಣ್ಣ ಮಾತಲ್ಲ.

ಅವರು ಮೂರು ಸೀಸನ್‌ಗಳ ಲೀಗ್ ಪಂದ್ಯಗಳನ್ನು ಪೂರ್ತಿ ಬಿಟ್ಟರು. ಆಮೇಲೂ ನೇರವಾಗಿ ದೊಡ್ಡ ಪಂದ್ಯಕ್ಕೆ ಇಳಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಕೆಳಗಿನ ಲೀಗಿನ ಕೊಲೊರಾಡೊ ಈಗಲ್ಸ್ ತಂಡಕ್ಕೆ ಎರಡು ಪಂದ್ಯ ಆಡಿ ನೋಡಿದರು. ಅದಾದ ಮೇಲೆ ಏಪ್ರಿಲ್ 23ರ ಆ ಸಂಜೆ. ಕಪ್ ಗೆದ್ದ ರಾತ್ರಿಯಿಂದ ಲೆಕ್ಕ ಹಾಕಿದರೆ 1,032 ದಿನ. ಆ ಪಂದ್ಯ ಅವರ ತಂಡ 2-1ರಿಂದ ಸೋತಿತು. ಮುಂದಿನ ಪಂದ್ಯದಲ್ಲಿ ಲ್ಯಾಂಡೆಸ್ಕಾಗ್ ಗೋಲು ಹೊಡೆದರು, ತಂಡ 4-0ರಿಂದ ಗೆದ್ದಿತು.

ಅವತ್ತು ನಾನು ಆ ಕಬಡ್ಡಿ ಹುಡುಗನಿಗೆ ಫೋನಿನಲ್ಲಿ ಲ್ಯಾಂಡೆಸ್ಕಾಗ್ ವಾಪಸ್ ಬಂದದ್ದನ್ನೇ ತೋರಿಸಿದೆ. ಅವನು ಗಮನವಿಟ್ಟು ನೋಡಿದ. ಆಮೇಲೆ ಹೇಳಿದ್ದು: "ಮೇಡಂ, ನನ್ನ ಫ್ರೆಂಡ್ ಒಬ್ಬ ನಾಲ್ಕೇ ತಿಂಗಳಿಗೆ ಆಡಿದ. ಸೂಪರಾಗಿ ಆಡಿದ."

ಇದಕ್ಕೆ ಉತ್ತರ ಸಿಡ್ನಿ ಕ್ರಾಸ್ಬಿ ಅವರ ಕಥೆಯಲ್ಲಿದೆ. ಐಸ್ ಹಾಕಿ ಕಂಡ ದೊಡ್ಡ ಆಟಗಾರರಲ್ಲಿ ಒಬ್ಬರು, ಕೆನಡಾದವರು. 2011ರ ಜನವರಿಯಲ್ಲಿ ನಾಲ್ಕು ದಿನಗಳ ಅಂತರದಲ್ಲಿ ಎರಡು ಸಲ ತಲೆಗೆ ಪೆಟ್ಟು. ಸುಮಾರು ಹತ್ತು ತಿಂಗಳು ಹೊರಗೆ. ನವೆಂಬರ್ 21ರಂದು ವಾಪಸ್ ಬಂದರು. ಮೊದಲ ದಿನವೇ ಎರಡು ಗೋಲು, ಇನ್ನೆರಡು ಗೋಲಿಗೆ ಪಾಸ್. ಎಲ್ಲರೂ ವಾಸಿಯಾಯಿತು ಅಂದುಕೊಂಡರು. ಎಂಟು ಪಂದ್ಯ ಆಗುವಷ್ಟರಲ್ಲಿ ತೊಂದರೆ ಮರುಕಳಿಸಿತು. ಮತ್ತೆ ಹೊರಗೆ. ಕೊನೆಗೆ ಬಂದದ್ದು 2012ರ ಮಾರ್ಚಿನಲ್ಲಿ. ತಲೆಯ ಪೆಟ್ಟನ್ನೂ ಮಂಡಿಯ ಪೆಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಗೊತ್ತು. ಆದರೆ ಮೊದಲ ದಿನ ಚೆನ್ನಾಗಿ ಆಡಿದ್ದು ವಾಸಿಯಾದ ಗುರುತಲ್ಲ ಅನ್ನುವುದು ಎರಡಕ್ಕೂ ಸಲ್ಲುತ್ತದೆ. ಆ ಕ್ರಾಸ್ಬಿ 2016, 2017ರಲ್ಲಿ ಸತತ ಎರಡು ಸಲ ಸ್ಟ್ಯಾನ್ಲಿ ಕಪ್ ಗೆದ್ದರು. ಎರಡನೇ ಸಲವೂ ಅವಸರಪಟ್ಟಿದ್ದರೆ ಅದು ಸಿಗುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು.

ಎಸಿಎಲ್ ವಿಷಯದಲ್ಲಿ ಲೆಕ್ಕವೂ ಇದೆ. ಅಮೆರಿಕದ ಡೆಲಾವೇರ್ ಮತ್ತು ನಾರ್ವೆಯ ಓಸ್ಲೊ ಸಂಶೋಧಕರು ಸೇರಿ ಆಪರೇಷನ್ ಆದ 106 ಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದರು. 9 ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೆ ಹಾಕಿದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಎರಡೂ ತೊಡೆಗಳ ಬಲ ಸಮಸಮ ಆದವರಿಗೆ ಪೆಟ್ಟು ಇನ್ನೂ ಕಡಿಮೆ. ಚಿಕ್ಕ ಅಧ್ಯಯನ, ಅದೊಂದನ್ನೇ ವೇದವಾಕ್ಯ ಅನ್ನಲಾರೆ. ಆದರೆ ನನ್ನ ಕ್ಲಿನಿಕ್ಕಿನಲ್ಲಿ ಕಂಡದ್ದಕ್ಕೂ ಅದಕ್ಕೂ ಹೊಂದಿಕೆ ಆಗುತ್ತದೆ.

ಕಂಡದ್ದರಲ್ಲಿ ಒಂದು ಮರೆಯಲಾಗುವುದಿಲ್ಲ. ಅರಸೀಕೆರೆ ಕಡೆಯ ಒಬ್ಬ ಹುಡುಗಿ, ವಾಲಿಬಾಲ್. ನಾಲ್ಕೂವರೆ ತಿಂಗಳಿಗೆ ತರಬೇತುದಾರರು "ನಿಂತ್ಕೊಂಡು ಸರ್ವಿಸ್ ಮಾಡು ಸಾಕು" ಅಂತ ಕರೆದುಕೊಂಡು ಹೋದರು. ಪಂದ್ಯ ಬಿಗಿಯಾದಾಗ ನಿಂತುಕೊಂಡು ಯಾರು ಆಡುತ್ತಾರೆ? ಹಾರಿದಳು, ಇಳಿದಳು, ಟಕ್ ಅಂತು. ಮಾರನೇ ದಿನ ಬಂದು ಮಂಚದ ಮೇಲೆ ಕೂತಳು. ಅಳಲಿಲ್ಲ. "ನೋವೇ ಇರ್ಲಿಲ್ಲ ಮೇಡಂ ನಿನ್ನೆ ತನಕ" ಅಂದಳು. ಈ ಸಲ ಲಿಗಮೆಂಟ್ ಜೊತೆ ಮಂಡಿಯೊಳಗೆ ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಕೂಡ ಹರಿದಿತ್ತು. ಈಗ ಓದು ಮುಗಿಸಿ ಕೆಲಸದಲ್ಲಿದ್ದಾಳೆ. ಆಡುವುದಿಲ್ಲ. ಅವಳ ಮುಖ ನೆನಪಾದಾಗಲೆಲ್ಲ ನಾನು ಮುಂದಿನ ಹುಡುಗನಿಗೆ ಇನ್ನಷ್ಟು ಗಟ್ಟಿಯಾಗಿ ಬೇಡ ಅನ್ನುತ್ತೇನೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಲ್ಯಾಂಡೆಸ್ಕಾಗ್ 2021ರಲ್ಲಿ ತಂಡದ ಜೊತೆ 8 ವರ್ಷದ ಕರಾರು ಮಾಡಿಕೊಂಡಿದ್ದರು, 5.6 ಕೋಟಿ ಡಾಲರ್. ನಾಯಕನ ಪಟ್ಟವನ್ನೂ ತಂಡ ಅವರಿಗೇ ಉಳಿಸಿತ್ತು. ಕಾಯಲು ಅವರಿಗೆ ಬಲ ಇತ್ತು. ನಮ್ಮ ಹುಡುಗನಿಗೆ ಒಂದು ಸೀಸನ್ ತಪ್ಪಿದರೆ ಟೀಮಿನಲ್ಲಿ ಜಾಗ ಹೋಗುತ್ತದೆ, ಕ್ರೀಡಾ ಕೋಟಾದ ಸೀಟು ಹೋಗುತ್ತದೆ. ಆಪರೇಷನ್ನಿಗೆ ಮಾಡಿದ ಸಾಲ ಮನೆಯಲ್ಲಿರುತ್ತದೆ. ಅವಸರಕ್ಕೆ ಅವನ ಹತ್ತಿರ ಕಾರಣ ಇದೆ. ಅದು ನನಗೆ ಗೊತ್ತು, ಅದಕ್ಕೇ ಬೈಯುವ ಮುಂಚೆ ಅವನ ಪಕ್ಕ ಕೂತು ಮಾತಾಡುತ್ತೇನೆ.

ಅವತ್ತು ಏಪ್ರಿಲ್‌ನಲ್ಲಿ ಟೇಪ್ ತೆಗೆದು ಮಂಡಿ ಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಎರಡೂ ತೊಡೆ ಅಳೆದೆ. ಎಡ 46, ಬಲ 43. "ಈ ಮೂರು ಸೆಂಟಿಮೀಟರ್ ಎಲ್ಲೋಯ್ತು ಹೇಳು" ಅಂದೆ. ಮಂಡಿ ಊದಿಕೊಂಡಿರುವಷ್ಟು ದಿನ ಮೆದುಳು ತೊಡೆಯ ಮುಂದಿನ ಸ್ನಾಯುವಿಗೆ ಕೊಡುವ ಆಜ್ಞೆಯನ್ನೇ ಕಡಿಮೆ ಮಾಡುತ್ತದೆ. ಸ್ನಾಯು ಕರಗುತ್ತದೆ. ಊತ ಇಳಿದ ಮಾತ್ರಕ್ಕೆ ಅದು ತಾನಾಗಿ ವಾಪಸ್ ಬರುವುದಿಲ್ಲ, ದುಡಿಸಿ ಬರಿಸಬೇಕು. ಟೇಪ್ ನೋಡಿ ಅವನು ಸುಮ್ಮನಾದ. ಶನಿವಾರ ಆಡಲಿಲ್ಲ. ಸ್ಕೋರ್ ಬರೆಯಲು ಕೂತನಂತೆ.

ಆಗಸ್ಟಿನಲ್ಲಿ ಅವನ ಅಪ್ಪನೂ ಜೊತೆಗೆ ಬಂದರು. ಕೈಯಲ್ಲಿ ಒಂದು ಚೀಲ ಹೊಸ ಆಲೂಗಡ್ಡೆ. "ಡಾಕ್ಟ್ರಮ್ಮ, ಏಳು ತಿಂಗ್ಳಾಯ್ತು. ಇನ್ನೂ ಎಷ್ಟು ದಿನ ಅಂತ ಕೂರ್ಸಾದು?" ಕೇಳಿದರು.

ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಹುಡುಗನಿಗೆ ಒಂಟಿಕಾಲಲ್ಲಿ ನೆಗೆಯಲು ಹೇಳಿದೆ. ಎಡಗಾಲಲ್ಲಿ 164 ಸೆಂಟಿಮೀಟರ್ ಹಾರಿ ಕಂಬದ ಹಾಗೆ ನಿಂತ. ಬಲಗಾಲಲ್ಲಿ 128. ಇಳಿದಾಗ ಮಂಡಿ ಒಳಕ್ಕೆ ವಾಲಿತು, ಕೈ ಬೀಸಿ ಗೋಡೆ ಹಿಡಿದ. ಎಡಗಾಲಿನದು ನೂರು ಅಂದರೆ ಬಲಗಾಲಿನದು 78 ಆಯಿತು. 90 ದಾಟುವ ತನಕ ನಾನು ಅಂಗಳಕ್ಕೆ ಬಿಡುವುದಿಲ್ಲ, ಅಂದರೆ ಅವನು 148 ಹಾರಬೇಕು, ಹಾರಿ ಅಲುಗಾಡದೆ ನಿಲ್ಲಬೇಕು. ಅದೂ ಒಂದೇ ಪರೀಕ್ಷೆ ಸಾಲದು, ಇನ್ನೂ ಮೂರು ನಾಲ್ಕು ಇವೆ.

ಅಪ್ಪನಿಗೆ ಸೆಂಟಿಮೀಟರ್ ಲೆಕ್ಕ ಹಿಡಿಸಲಿಲ್ಲ. ನಾನು ಚೀಲದಿಂದ ಒಂದು ಆಲೂಗಡ್ಡೆ ತೆಗೆದೆ. "ಯಜಮಾನ್ರೇ, ಇದನ್ನ ಕೀಳೋ ಮುಂಚೆ ಹೆಂಗೆ ನೋಡಿದ್ರಿ?"

"ಹೆಬ್ಬೆಟ್ಟಲ್ಲಿ ಉಜ್ಜಿ. ಸಿಪ್ಪೆ ಜಾರುದ್ರೆ ಇನ್ನೂ ಬಲ್ತಿಲ್ಲ ಅಂತ. ಕಿತ್ರೆ ಚೀಲದಲ್ಲೇ ಕೊಳ್ತೋಯ್ತದೆ."

"ತೊಂಬತ್ತು ದಿನ ಆಯ್ತು ಅಂತ ಸುಮ್ನೆ ಕೀಳಲ್ಲ ಅಲ್ವಾ?"

ಅವರು ಮಗನ ಮಂಡಿ ನೋಡಿದರು, ನೆಲದ ಮೇಲಿನ ಎರಡು ಗುರುತು ನೋಡಿದರು. ಆಮೇಲೆ ನಿಧಾನಕ್ಕೆ ಕೂತು, ಆ ಎರಡು ಗುರುತುಗಳ ನಡುವಿನ ದೂರವನ್ನು ತಮ್ಮ ಗೇಣಿನಲ್ಲಿ ಅಳೆದರು. ಒಂದೂ ಮುಕ್ಕಾಲು ಗೇಣು. "ಇಷ್ಟು ಬಲೀಬೇಕು ಅನ್ನಿ" ಅಂದರು.

ಒಂದೆರಡು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಎಸಿಎಲ್ ಹರಿದವರಿಗೆಲ್ಲ ಆಪರೇಷನ್ ಬೇಕು ಅಂತಿಲ್ಲ. 9 ತಿಂಗಳು ಅನ್ನುವುದೂ ತಿರುಗಿ ನೆಗೆಯುವ ಆಟಗಳಿಗೆ ಹೇಳಿದ ಕನಿಷ್ಠ ಲೆಕ್ಕ, ಬೀಗ ತೆಗೆಯುವ ತಾರೀಖಲ್ಲ. ಹೊಲಿಗೆ ಹಾಕಿದ ಮೆನಿಸ್ಕಸ್ ಇದ್ದರೆ, ವಯಸ್ಸು ತೀರಾ ಚಿಕ್ಕದಿದ್ದರೆ, ಲೆಕ್ಕ ಬದಲಾಗುತ್ತದೆ. ನಿಮ್ಮ ಮಂಡಿಯ ಒಳಗೆ ಏನು ಮಾಡಿದ್ದಾರೆ ಅಂತ ಗೊತ್ತಿರುವುದು ಆಪರೇಷನ್ ಮಾಡಿದ ಡಾಕ್ಟರಿಗೆ. ಅವರನ್ನು ಕೇಳದೆ, ಇದನ್ನು ಓದಿಕೊಂಡು ಮನೆಯಲ್ಲೇ ಒಂಟಿಕಾಲಲ್ಲಿ ನೆಗೆದು ನೋಡಬೇಡಿ, ದಯವಿಟ್ಟು.

ಹುಡುಗ ಈಗ ವಾರಕ್ಕೆ ಮೂರು ದಿನ ಬರುತ್ತಾನೆ. ಮೆಟ್ಟಿಲ ಮೇಲೆ ಬಲಗಾಲಿಟ್ಟು ಎಡಗಾಲನ್ನು ನಿಧಾನವಾಗಿ ನೆಲಕ್ಕೆ ಇಳಿಸುವುದು, ಹದಿನೈದರ ಮೂರು ಸುತ್ತು. ಬೇಜಾರಿನ ಕೆಲಸ. ಅವನಿಗೆ ಕೇಳಿಸದ ಹಾಗೆ ನಾನೂ ಎಣಿಸುತ್ತಿರುತ್ತೇನೆ. ಮುಂದಿನ ಅಳತೆ ಅಕ್ಟೋಬರಿನಲ್ಲಿ, ಹಾಸನಾಂಬೆಯ ಬಾಗಿಲು ತೆಗೆಯುವ ವಾರ. ಆಗ ಊರಲ್ಲಿ ಜನವೋ ಜನ, ಬಿ.ಎಂ. ರಸ್ತೆಯಲ್ಲಿ ಬೈಕ್ ನುಸುಳುವುದೂ ಕಷ್ಟ. ಬೆಳಿಗ್ಗೆ ಏಳಕ್ಕೇ ಬಂದುಬಿಡು ಅಂದಿದ್ದೇನೆ. ಅಪ್ಪನೂ ಬರುತ್ತಾರಂತೆ.